ಯಾರ ಮಗಳವ್ವಾ ನೀ?

ನಮ್ಮ ಕಡೆ ಹಾದಿಯಲ್ಲಿ ಒಂದು ಮಗು ಎದುರಾದರೆ ಯಾರೂ ಮೊದಲು ಅದರ ಹೆಸರು ಕೇಳುವುದಿಲ್ಲ. ‘ಯಾರ ಮಗಳವ್ವಾ ನೀ?’ ಎಂದೇ ಕೇಳುತ್ತಾರೆ. ಬಸ್ಸಿನಲ್ಲಿ ಬಾಜೂ ಕೂತ ಮುದುಕಿ ಕೇಳುತ್ತಾಳೆ, ಹಿಟ್ಟಿನ ಗಿರಣಿಯವನು ಕೇಳುತ್ತಾನೆ, ಗುಡಿಕಟ್ಟೆಯ ಮೇಲೆ ಕೂತವರಂತೂ ಕೇಳದೆ ಬಿಡುವುದೇ ಇಲ್ಲ. ಆಗ ಮಗು ಕತ್ತು ಕೆಳಗೆ ಹಾಕಿ ಲಂಗದ ಚುಂಗು ಜಗ್ಗುತ್ತ ನಿಂತಿತೋ, ‘ಏನ್ರಿ ಅಕ್ಕಾರ, ನಿಮ್ಮ ಸಾಲಿ ಹುಡುಗೋರಿಗೆ ಬಾಯಿ ಇಲ್ಲೇನ್ರಿ?’ ಎಂಬ ಮಾತು ಸಂಜೆಯೊಳಗೆ ಅವರ ಶಿಕ್ಷಕಿಯಾದ ನನ್ನ ಕಿವಿಗೆ ಬೀಳುತ್ತದೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಅಂಥ ಮಾತು ಕೇಳಿಸಿಕೊಂಡು ಸುಮ್ಮನಿರುವವಳಲ್ಲ ನಾನು.

ಹೀಗಾಗಿ ಮೂಡಲಗಿ ತಾಲೂಕಿನ ಆ ಊರಿನ ಪ್ರಾಥಮಿಕ ಶಾಲೆಗೆ ಬಂದ ಮೊದಲ ವರ್ಷವೇ ಸ್ವಪರಿಚಯದ ಬೆನ್ನು ಹತ್ತಿದೆ. ಕೈ ಮುಗಿಯಬೇಕು, ಮುಖ ಎತ್ತಬೇಕು, ತಡವರಿಸದೆ ಹೇಳಬೇಕು. ತನ್ನ ಹೆಸರು, ಅಪ್ಪನ ಹೆಸರು, ಅವ್ವನ ಹೆಸರು, ತರಗತಿ, ಊರು, ತಾಲೂಕು, ಜಿಲ್ಲೆ. ಇಷ್ಟು ಎಲ್ಲ ಶಾಲೆಗಳಲ್ಲೂ ಇರುವುದೇ. ಒಂದು ಸಲ ಒಂದನೆಯ ತರಗತಿಯ ಹುಡುಗಿಯೊಬ್ಬಳು ಗೋಕಾಕದ ಸಂತೆಯಲ್ಲಿ ಅವ್ವನ ಕೈ ತಪ್ಪಿ, ಊರ ಹೆಸರು ಹೇಳಲೂ ಬಾರದೆ ಬಳೆ ಅಂಗಡಿಯ ಮುಂದೆ ಮಧ್ಯಾಹ್ನದವರೆಗೂ ಅಳುತ್ತ ಕೂತಿದ್ದಳು. ಅಂದಿನಿಂದ ನಾನೇ ಇನ್ನೆರಡು ಸಾಲು ಸೇರಿಸಿದೆ: ಮನೆಯ ಗುರುತು, ಅಪ್ಪನ ಫೋನ್ ನಂಬರು. ಕಡೆಗೆ ‘ನಮ್ಮ ಗುರುಗಳ ಹೆಸರು’ ಎಂದು ನನ್ನ ಹೆಸರು. ಅದು ಯಾಕೆ ಬೇಕಿತ್ತು ಎಂದರೆ, ಖರೆ ಹೇಳುತ್ತೇನೆ, ಬರೀ ಜಂಬಕ್ಕೆ.

‘ಯಾರ ಕೇಳಿದ್ರೂ ನಿಲ್ಲದಂಗ ಹೇಳಬೇಕು, ತಿಳೀತಿಲ್ಲೋ?’ ಎನ್ನುತ್ತಿದ್ದೆ.

‘ತಿಳೀತ್ರೀ ಅಕ್ಕಾರ’ ಎಂದು ಇಡೀ ವರ್ಗ ಕೂಗುತ್ತಿತ್ತು.

ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳಪ್ಪ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಓಡಿಸುತ್ತಿದ್ದ, ಅವ್ವ ಕಳೆ ತೆಗೆಯಲು ಹೋಗುತ್ತಿದ್ದಳು. ಅಷ್ಟು ಸಣ್ಣ ದೇಹದಲ್ಲಿ ಅಷ್ಟು ದೊಡ್ಡ ಧ್ವನಿ ಹೇಗೆ ಇತ್ತೋ ಕಾಣೆ. ಅವಳು ಸ್ವಪರಿಚಯ ಹೇಳತೊಡಗಿದರೆ ಬಿಸಿಯೂಟದ ಕೋಣೆಯಲ್ಲಿ ಅಡುಗೆಯವರು ಸೌಟು ಹಿಡಿದು ಬಾಗಿಲಿಗೆ ಬರುತ್ತಿದ್ದರು. ‘ನಮ್ಮ ಮನಿ ಬಸವಣ್ಣನ ಗುಡಿ ಹಿಂದಿನ ಓಣಿಯಾಗ, ನೀಲಿ ಬಾಗಿಲ’ ಎನ್ನುವಾಗ ಕೈ ಬೀಸಿ ದಿಕ್ಕನ್ನೂ ತೋರಿಸುತ್ತಿದ್ದಳು. ತಾಲೂಕಿನಿಂದ ಸಾಹೇಬರು ಯಾರೇ ಬರಲಿ, ನಾನು ಅವಳನ್ನೇ ಎಬ್ಬಿಸುತ್ತಿದ್ದೆ.

ಆ ವರ್ಷ ಗೋಕಾಕದಲ್ಲಿ ನಮಗೆ ಒಂದು ದಿನದ ತರಬೇತಿ ಆಯಿತು. ಮಕ್ಕಳು ಮೊಬೈಲಿನಲ್ಲಿ ಆಡುವಾಗ, ಮಾತಾಡುವಾಗ ಹುಷಾರಾಗಿರುವುದನ್ನು ಹೇಗೆ ಕಲಿಸಬೇಕು ಎಂಬುದು ವಿಷಯ. ಊಟ ಚೆನ್ನಾಗಿತ್ತು, ಪಂಖಾ ತಿರುಗುತ್ತಿರಲಿಲ್ಲ. ಸೂಚನೆಗಳನ್ನು ಅಚ್ಚು ಹಾಕಿದ ಒಂದು ತಕ್ತೆ ಕೊಟ್ಟು ಕಳಿಸಿದರು. ಮರುದಿನ ಅದನ್ನು ಗೋಡೆಗೆ ಅಂಟಿಸಿ, ‘ಗುರುತಿಲ್ಲದವರ ಜೋಡಿ ಫೋನಿನ್ಯಾಗ ಮಾತಾಡಬಾರದು’ ಎಂದು ಹತ್ತು ಸಲ ಹೇಳಿಸಿದೆ. ಮಕ್ಕಳು ಮಗ್ಗಿಯ ರಾಗದಲ್ಲೇ ಹೇಳಿದರು. ಅದು ಮುಗಿದ ಮೇಲೆ ಅದೇ ದಿನ ಊಟದ ಹೊತ್ತಿಗೆ ಯಾರೋ ಸಾಹೇಬರು ಬಂದರು. ನಾನು ಆ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದೆ. ಅವಳು ಎಂದೂ ನೋಡಿರದ ಆ ಮನುಷ್ಯನಿಗೆ ನೀಲಿ ಬಾಗಿಲಿನವರೆಗೂ ಎಲ್ಲ ಹೇಳಿದಳು. ಅವರು ಚಪ್ಪಾಳೆ ತಟ್ಟಿದರು. ತಕ್ತೆ ಅವರ ಬೆನ್ನ ಹಿಂದಿನ ಗೋಡೆಯ ಮೇಲೇ ಇತ್ತು. ನನ್ನ ತಲೆಯಲ್ಲಿ ಎರಡೂ ಒಂದಕ್ಕೊಂದು ತಾಗಲೇ ಇಲ್ಲ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎನ್ನುತ್ತಾರಲ್ಲ, ಆ ಗಾಳವನ್ನು ನಾನು ತಿಳಿದು ಇಕ್ಕಿರಲಿಲ್ಲ ಎಂಬುದೊಂದೇ ಸಮಾಧಾನ. ಅದೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಎರಡು ವಾರ ಕಳೆದಿರಬೇಕು. ಒಂದು ಸೋಮವಾರ ಪ್ರಾರ್ಥನೆ ಮುಗಿಯುವ ಮೊದಲೇ ಹುಡುಗಿಯ ಅವ್ವ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಹುಡುಗಿ ಬಂದಿರಲಿಲ್ಲ. ಹೆಡ್‌ಮಾಸ್ತರರ ಕೋಣೆಯಲ್ಲಿ ನಾವು ಮೂವರೇ ಇದ್ದೆವು. ಅವಳು ನಿಂತುಕೊಂಡೇ ಎಲ್ಲ ಹೇಳಿದಳು. ಕರೋನಾ ಕಾಲದಲ್ಲಿ ಅಭ್ಯಾಸಕ್ಕೆಂದು ಮಗಳ ಕೈಗೆ ಕೊಟ್ಟ ಫೋನು ಆಮೇಲೂ ಮನೆಯಲ್ಲೇ ಉಳಿದಿತ್ತು. ಹುಡುಗಿ ಅದರಲ್ಲಿ ಒಂದು ಆಟ ಆಡುತ್ತಿದ್ದಳು. ಆಡುತ್ತಲೇ ಮಾತಾಡಲು ಆ ಆಟದಲ್ಲಿ ಜಾಗ ಇತ್ತು. ಅಲ್ಲಿ ಎರಡು ಜಡೆಯ ಹುಡುಗಿಯ ಚಿತ್ರ ಹಾಕಿಕೊಂಡ ಯಾರೋ ಹತ್ತು ದಿನದಿಂದ ಇವಳ ಜೊತೆ ಮಾತಿಗೆ ಬಿದ್ದಿದ್ದರು.

ಹೆಡ್‌ಮಾಸ್ತರರು ಕನ್ನಡಕ ಏರಿಸಿ ಮೊದಲ ಸಾಲು ಓದಿದರು. ಕನ್ನಡದಲ್ಲೇ ಇತ್ತು, ನಮ್ಮ ಕಡೆಯ ಮಾತಿನಲ್ಲೇ ಇತ್ತು.

‘ಯಾರ ಮಗಳವ್ವಾ ನೀ?’

ಅದರ ಕೆಳಗೆ ಹುಡುಗಿ ಕಳಿಸಿದ್ದ ಆಡಿಯೋ. ಹೆಡ್‌ಮಾಸ್ತರರು ಒತ್ತಿದರು. ಆ ದೊಡ್ಡ ಧ್ವನಿ ಕೋಣೆ ತುಂಬಿತು. ಹೆಸರು, ಅಪ್ಪ, ಅವ್ವ, ಊರು, ಗುಡಿ ಹಿಂದಿನ ಓಣಿ, ನೀಲಿ ಬಾಗಿಲು, ನಂಬರು. ಒಂದು ಅಕ್ಷರವೂ ತಪ್ಪಿರಲಿಲ್ಲ. ಕಡೆಗೆ ನನ್ನ ಹೆಸರು, ಆಮೇಲೆ ‘ಎಲ್ಲರಿಗೂ ನಮಸ್ಕಾರ’. ಫೋನು ಕೈಯಲ್ಲಿ ಹಿಡಿದು ಮಾತಾಡುವಾಗ ಅವಳು ಕೈ ಹೇಗೆ ಮುಗಿದಿರಬಹುದು ಎಂದು ಯೋಚಿಸಿದ್ದು ನೆನಪಿದೆ.

ಅದರ ಕೆಳಗಿನ ಮಾತುಗಳು ಮೊದಮೊದಲು ಸಕ್ಕರೆಯಂಥವು. ನಿನ್ನ ದನಿ ಚೆಂದ, ನೀನು ಜಾಣೆ. ಆಮೇಲೆ, ಮನೆಯಲ್ಲಿ ಯಾರೂ ಇಲ್ಲದಾಗ ಫೋಟೋ ಕಳಿಸು. ಹುಡುಗಿ ಕಳಿಸಿರಲಿಲ್ಲ. ಕೊನೆಯದು ಹಿಂದಿನ ದಿನದ್ದು: ‘ಅವ್ವಗ ಹೇಳಬ್ಯಾಡ. ಹೇಳಿದ್ರ ನೀಲಿ ಬಾಗಿಲ ನನಗ ಗೊತ್ತೈತಿ.’ ಅದನ್ನು ಓದಿ ಹುಡುಗಿ ಹೊಲಕ್ಕೇ ಓಡಿ ಹೋಗಿ ಅವ್ವನ ಸೀರೆ ಹಿಡಿದುಕೊಂಡಿದ್ದಳು.

ತಾಯಿ ನನ್ನ ಕಡೆ ತಿರುಗಿದಳು. ‘ಯಾರ ಕೇಳಿದ್ರೂ ಇದನ್ನೆಲ್ಲಾ ಹೇಳಬೇಕು ಅಂತ ಸಾಲ್ಯಾಗ ಹೇಳ್ತಾರೇನ್ರಿ, ಅಕ್ಕಾರ?’

ಹೆಡ್‌ಮಾಸ್ತರರು ಕಿಟಕಿಯ ಆಚೆ ನೋಡತೊಡಗಿದರು. ನಾನು ಹೂಂ ಎನ್ನಬೇಕಿತ್ತು. ಒಂದೇ ಅಕ್ಷರದ ಕೆಲಸ. ಅದರ ಬದಲು ನನ್ನ ಬಾಯಿಂದ ಬಂದದ್ದು ಇದು: ‘ಗುರುತಿಲ್ಲದವರ ಜೋಡಿ ಮಾತಾಡಬ್ಯಾಡ್ರಿ ಅಂತ ಹತ್ತ ಸಲ ಹೇಳೀನವ್ವಾ. ಬೇಕಾದ್ರ ತಕ್ತೆ ನೋಡ ಬಾ.’

ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೂ ನನ್ನ ಆಯುಷ್ಯದಲ್ಲಿ ಆಡಿದ ಅತಿ ದೊಡ್ಡ ಸುಳ್ಳು ಅದೇ. ತಾಯಿ ತಕ್ತೆ ನೋಡಲು ಬರಲಿಲ್ಲ. ‘ಹಂಗಾ?’ ಎಂದಳು, ಫೋನು ಸೆರಗಿಗೆ ಸುತ್ತಿಕೊಂಡು ಹೋದಳು.

ಪೊಲೀಸರು ದೂರು ಬರೆದುಕೊಂಡರು. ಅಷ್ಟರಲ್ಲಿ ಎರಡು ಜಡೆಯ ಆ ಖಾತೆಯೇ ಇರಲಿಲ್ಲ. ಹುಡುಗಿಯ ಅಪ್ಪ ಬಾಗಿಲಿಗೆ ಕೆಂಪು ಬಣ್ಣ ಹೊಡೆದ. ಎರಡು ಸಲ ಹೊಡೆದರೂ ಅಂಚಿನಲ್ಲಿ ನೀಲಿ ಇಣುಕುತ್ತಿತ್ತು. ಅದೇ ವಾರ ಮಗಳನ್ನು ಹುಕ್ಕೇರಿ ತಾಲೂಕಿನ ದಡ್ಡಿಗೆ, ಅವ್ವನ ತವರಿಗೆ ಕಳಿಸಿಬಿಟ್ಟರು. ಅವಳ ಸೋದರಮಾವ ಬಂದು ವರ್ಗಾವಣೆ ಪತ್ರ ಒಯ್ದ. ಹುಡುಗಿಗೆ ಚೆನ್ನಾಗಿ ಏಟು ಬಿದ್ದವಂತೆ ಎಂದು ಬಿಸಿಯೂಟದವರು ಹೇಳಿದರು. ಏಟು ಫೋನಿನ ದೆಸೆಯಿಂದ ಎಂದು ನಾನು ತಿಳಿದೆ. ಹಾಗೆ ತಿಳಿಯುವುದು ಸುಲಭವಾಗಿತ್ತು.

ಯಾರೂ ಬರಲಿಲ್ಲ. ಆ ಓಣಿಗೂ ಬರಲಿಲ್ಲ, ಶಾಲೆಗೂ ಬರಲಿಲ್ಲ. ಆದರೆ ಯಾರೂ ಬರಲಿಲ್ಲ ಎಂದು ನನಗೆ ಗೊತ್ತಿರುವುದಾದರೂ ಹೇಗೆ? ಗುರುತೇ ಇಲ್ಲದವನು ಬಂದು ಹೋದರೆ ಗುರುತು ಹಿಡಿಯುವವರು ಯಾರು? ಶಾಲೆಯ ಕಂಪೌಂಡಿನ ಹತ್ತಿರ ಯಾರಾದರೂ ಗಾಡಿ ನಿಲ್ಲಿಸಿ ಫೋನು ನೋಡುತ್ತಿದ್ದರೆ ನಾನು ಸೀಮೆಸುಣ್ಣದ ಖಡು ಹಿಡಿದುಕೊಂಡೇ ಹೊರಗೆ ಹೋಗಿ ನಿಲ್ಲುತ್ತಿದ್ದೆ. ಘಟಪ್ರಭಾದಿಂದ ದಿನಾ ಬರುವ ಬಸ್ಸಿನಲ್ಲಿ ಯಾರದೋ ಫೋನಿನಿಂದ ಮಗುವಿನ ದನಿ ಕೇಳಿಸಿದರೆ ಹೊರಳಿ ಎಲ್ಲರ ಕೈ ನೋಡುತ್ತಿದ್ದೆ. ನಮ್ಮ ಮಾತು ಬಲ್ಲವನು, ನಮ್ಮ ಪ್ರಶ್ನೆ ಬಲ್ಲವನು. ಅಂದರೆ ನಮ್ಮವನೇ. ಇದೇ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನಲ್ಲಿ ಕೂತಿರಬಹುದು. ನನ್ನ ಹೆಸರು, ಆ ಮಗುವಿನ ಬಾಯಿಂದ ಬಂದದ್ದು, ಅವನ ಜೇಬಿನಲ್ಲಿ ಇರಬಹುದು. ‘ಅಕ್ಕಾರ, ಯಾವ ಸಾಲ್ರಿ ನಿಮ್ದು?’ ಎಂದು ಯಾರಾದರೂ ಕೇಳಿದರೆ ಬೇರೆ ಊರ ಹೆಸರು ಹೇಳತೊಡಗಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಗಾದೆ ಬರೆಸುತ್ತಿದ್ದವಳು ನಾನು. ಈಗಿನ ಮಾತು ಹೋಗುವುದೂ ಇಲ್ಲ, ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಯಾರೋ ಒತ್ತಿದರೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಸ್ವಪರಿಚಯ ನಿಲ್ಲಿಸಿದೆ. ನಾನು ನಿಲ್ಲಿಸಿದರೆ ಅದು ನಿಲ್ಲಬೇಕಲ್ಲ? ಮುಂದಿನ ಜೂನಿನಲ್ಲಿ ಒಂದನೆಯ ತರಗತಿಗೆ ಬಂದ ಮಕ್ಕಳು, ನಾನು ಒಂದು ಸಾಲೂ ಕಲಿಸದವರು, ಅಂಗಳದಲ್ಲಿ ಕೈ ಮುಗಿದು ಪೂರ್ತಿ ಒಪ್ಪಿಸುತ್ತಿದ್ದರು. ದೊಡ್ಡ ಹುಡುಗಿಯರಿಂದ ಕಲಿತಿದ್ದರು. ಆ ಸಣ್ಣ ಬಾಯಿಗಳಲ್ಲಿ ‘ನಮ್ಮ ಗುರುಗಳ ಹೆಸರು’ ಎಂದು ನನ್ನ ಹೆಸರು ಬಂದಾಗ ನನಗೆ ಹೆದರಿಕೆಯಾಯಿತು.

ತಕ್ತೆಯನ್ನು ಕಿತ್ತು ಹಾಕಿದೆ. ನಮ್ಮ ಮಕ್ಕಳಿಗೆ ಗುರುತಿಲ್ಲದವರು ಎಂದರೆ ಚೀಲ ಹೊತ್ತ ಗಡ್ಡದವನು. ‘ಯಾರ ಮಗಳವ್ವಾ’ ಎಂದು ಕೇಳಿದವನು ಗುರುತಿನವನೇ. ಹಾಗೆಂದೇ ನಾವು ಬೆಳೆಸುತ್ತೇವೆ. ಅದಕ್ಕೆ ಬೇರೆ ಆಟ ಹೂಡಿದೆ. ನಾನು ಬಾಗಿಲ ಹೊರಗೆ ನಿಂತು ದನಿ ಬದಲಿಸಿ ಕೇಳುವುದು: ‘ಯಾರ ಮಗಳವ್ವಾ ನೀ?’ ಒಳಗಿನವರು ಕೂಗುವುದು: ‘ಮೊದಲ ನೀವ್ಯಾರ ಹೇಳ್ರಿ!’ ನಾನು, ‘ನಾ ನಿಮ್ಮ ಕಾಕಾ’ ಎನ್ನುವುದು. ಅವರು, ‘ಯಾವ ಕಾಕಾ? ಅವ್ವನ್ನ ಕೇಳಿ ಬರ್ತೀವಿ!’ ಫೋನಿನಲ್ಲಿ ಕೇಳಿದರೂ ಹೀಗೇ, ಮೊಬೈಲಿನ ಆಟದಲ್ಲಿ ಕೇಳಿದರೂ ಹೀಗೇ. ಯಾರಾದರೂ ಅವ್ವಗ ಹೇಳಬ್ಯಾಡ ಅಂದರೆ, ಆ ಕ್ಷಣವೇ ಅವ್ವನ ಹತ್ತಿರ ಓಟ.

ಆಟ ಮಕ್ಕಳಿಗೆ ಬಹಳ ಹಿಡಿಸಿತು, ಊರಿಗೆ ಹಿಡಿಸಲಿಲ್ಲ. ಒಬ್ಬ ಅಜ್ಜ ಕೋಲು ಊರಿಕೊಂಡು ಶಾಲೆಗೇ ಬಂದ. ‘ಅಕ್ಕಾರ, ಇದ ಊರಾಗ ನನಗ ಎಂಬತ್ತ ವರ್ಷ ಆದ್ವು. ಹಿಡಿಯಷ್ಟಿಲ್ಲದ ಹುಡುಗಿ ನೀವ್ಯಾರ್ರಿ ಅಂತಾಳ! ಇದ ಏನ್ ಕಲಸಾಕತ್ತೀರಿ?’ ನಾನು, ‘ನೀವ್ಯಾರಂತ ಹೇಳೀರೋ ಇಲ್ಲೋ, ಅಜ್ಜಾರ?’ ಎಂದೆ. ‘ಹೇಳದ ಏನ್ ಮಾಡ್ಲಿ? ಹಾದಿ ಬಿಡಲಿಲ್ಲ ಆಕಿ’ ಎಂದ. ಆಮೇಲೆ ತಾನೇ ನಕ್ಕುಬಿಟ್ಟ. ಅಂದು ನನಗೂ ನಗು ಬಂತು. ಬಹಳ ತಿಂಗಳ ಮೇಲೆ.

ಆದರೆ ಮಾಡಿದ ಪಾಪಕ್ಕೆ ಬೇರೆ ಮಕ್ಕಳ ಮೇಲೆ ಪುಣ್ಯ ಮಾಡಿ ತೀರಿಸಿದರಾಯಿತೇ? ಆ ಹುಡುಗಿಗೆ ಹೇಳಬೇಕಾದ ಒಂದು ಮಾತು ನನ್ನ ಹೊಟ್ಟೆಯಲ್ಲೇ ಉಳಿದಿತ್ತು. ರವಿವಾರ ಅಮಾವಾಸ್ಯೆ ಬಿದ್ದಾಗ ಹೊರಟೆ. ಅಮಾವಾಸ್ಯೆಗೆ ಅವಳವ್ವ ತವರಿಗೆ ಹೋಗುತ್ತಾಳೆ ಎಂದು ಗೊತ್ತಿತ್ತು. ಹುಕ್ಕೇರಿಯಲ್ಲಿ ಬಸ್ಸು ಬದಲಿಸಿ ದಡ್ಡಿ ಮುಟ್ಟಿದಾಗ ಹನ್ನೊಂದು ಗಂಟೆ. ಮನೆ ಕೇಳಿಕೊಂಡು ಹೋದೆ. ತಾಯಿ ಪಡಸಾಲೆಯಲ್ಲಿ ಹೋಳಿಗೆಗೆ ಬೇಳೆ ಆರಿಸುತ್ತಿದ್ದಳು. ಹುಡುಗಿ ಕಂಬಕ್ಕೆ ಒರಗಿ ಕೂತಿದ್ದಳು. ಎತ್ತರ ಆಗಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ಮಾತಾಡಲಿಲ್ಲ. ‘ಇಲ್ಲಿ ಬಂದ ಮ್ಯಾಲ ಹಿಂಗರಿ. ಸಾಲ್ಯಾಗೂ ಬಾಯಿ ಬಿಡೂದಿಲ್ಲಂತ’ ಎಂದಳು ತಾಯಿ. ಅಷ್ಟು ದೊಡ್ಡ ದನಿ ಇದ್ದ ಹುಡುಗಿ.

ನೀರು ಕೊಟ್ಟರು. ಕುಡಿಯದೆ ಚರಿಗೆ ಕೆಳಗಿಟ್ಟು ಹೇಳಿಯೇಬಿಟ್ಟೆ. ‘ಅವತ್ತ ನೀ ಒಂದ ಮಾತ ಕೇಳಿದ್ದಿ. ನಾ ಹಾರಿಸಿ ಉತ್ತರ ಕೊಟ್ಟೆ. ಯಾರ ಕೇಳಿದ್ರೂ ನಿಲ್ಲದಂಗ ಹೇಳಬೇಕು ಅಂತ ಕಲಿಸಿದಾಕಿ ನಾನಽ. ಮನಿ ಗುರುತೂ ನಾನಽ ಸೇರಿಸಿದ್ದು. ಈಕಿದು ಏನೂ ತಪ್ಪಿಲ್ಲ.’

ತಾಯಿ ಬೇಳೆಯ ಮೊರ ಬಾಜೂ ಸರಿಸಿದಳು. ನನ್ನ ಮುಖ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

‘ನಾ ಯಾಕ ಕೇಳಿದ್ನಿ ಅಂತ ನಿಮಗ ಗೊತ್ತೇನ್ರಿ?’ ಎಂದಳು. ‘ಈಕಿ ಮನ್ಯಾಗ ಹೇಳಿದ್ಲರಿ, ಅಕ್ಕಾರಽ ಹೇಳ್ಯಾರ ಯವ್ವಾ, ಯಾರ ಕೇಳಿದ್ರೂ ಹೇಳಬೇಕು ಅಂತ. ಅಲ್ಲಿ ಮಟಾ ನಾ ಕೈ ಎತ್ತಿರಲಿಲ್ಲ. ಕೇಳಿ ಬರೂಣು ಅಂತ ನಿಮ್ಮ ಕಡೆ ಬಂದ್ನಿ. ನೀವು ಇಲ್ಲ ಅಂದ್ರಿ. ತಿರುಗಿ ಹೋಗಿ, ಕಲಿಸಿದವರ ಮ್ಯಾಲ ಸುಳ್ಳ ಹೇಳ್ತಿ ಅಂತ ಹೊಡದ್ನಿರಿ. ತಪ್ಪಾತು ಅನ್ನು ಅಂದ್ನಿ. ಅನ್ನಲಿಲ್ಲ. ಅನ್ನೂ ಮಟಾ ಹೊಡದ್ನಿ.’

ಹುಡುಗಿ ಕಂಬ ಬಿಟ್ಟು ಬಂದಳು. ನನ್ನ ಕಡೆ ನೋಡದೆ, ನನ್ನನ್ನು ದಾಟಿ, ಅವ್ವನ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತಳು.

‘ನಾ ಖರೇನ ಹೇಳಿದ್ನಲ್ಲ, ಯವ್ವಾ’ ಎಂದಳು.

ದನಿ ಎಷ್ಟು ಸಣ್ಣದಾಗಿತ್ತೆಂದರೆ ತಾಯಿ ‘ಆಂ?’ ಎಂದು ಬಗ್ಗಿದಳು. ಹುಡುಗಿ ಇನ್ನೊಂದು ಸಲ ಹೇಳಲಿಲ್ಲ.