ಮೂವರಲ್ಲಿ ಮೊದಲು ಹೊರಡುವವರು

ಸಿಸ್ಟರ್ ಎದೆಯ ಮೇಲೆ ಒಂದು ಪುಟ್ಟ ಗಡಿಯಾರ ತಲೆಕೆಳಗಾಗಿ ತೂಗಾಡುತ್ತಿತ್ತು. ನರ್ಸುಗಳು ಸಮವಸ್ತ್ರಕ್ಕೆ ಪಿನ್ನು ಹಾಕಿ ಸಿಕ್ಕಿಸಿಕೊಳ್ಳುತ್ತಾರಲ್ಲ, ಅಂಥದ್ದು. ಭಾನುವಾರದ ರಜೆಯಲ್ಲೂ ದಪ್ಪ ಕೋಟಿನ ಮೇಲೆ ಅದನ್ನು ಧರಿಸಿಯೇ ಅವರು ಎಜ್‌ಬಾಸ್ಟನ್ನಿನ ಪಾರ್ಕಿಗೆ ಬರುತ್ತಿದ್ದರು. ಎರಡು ಬೆರಳಲ್ಲಿ ಎತ್ತಿ ನೋಡಿ, ತಡವಾಗಿ ಬಂದವನನ್ನು ಕಣ್ಣಲ್ಲೇ ಸುಡುತ್ತಿದ್ದರು. ಕೊವೆಂಟ್ರಿಯಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದ ನಾನು ಬಹಳ ಸಲ ಸುಟ್ಟುಹೋಗಿದ್ದೇನೆ.

ಅವರು ಧಾರವಾಡದವರು. ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ವಾರ್ಡು ನೋಡಿಕೊಂಡವರು. ಫುಟ್‌ಬಾಲ್ ಕಲಿತದ್ದೂ ಅಲ್ಲೇ, ರೋಗಿಗಳ ಜೊತೆ ವಾದ ಮಾಡಿ. "ಸೂಜಿ ಚುಚ್ಚೂ ಮುಂದ ಮ್ಯಾಚಿನ ಮಾತು ತಗದ್ರ ಇವರಿಗೆ ನೋವ ಗೊತ್ತಾಗಂಗಿಲ್ಲ" ಎನ್ನುತ್ತಿದ್ದರು. ನಮ್ಮ ಕನ್ನಡದವರ ತಂಡಕ್ಕೆ ಅವರೇ ಕೋಚ್. ಹಿಂದಿನ ಬೇಸಿಗೆಯಲ್ಲಿ ಬರ್ಮಿಂಗ್‌ಹ್ಯಾಮಿನ ಭಾರತೀಯ ತಂಡಗಳ ಪಂದ್ಯಾವಳಿಗೆ ಹೋಗಿ ನಾವು ಒಂದೇ ಪಂದ್ಯದಲ್ಲಿ ಐದು ಗೋಲು ತಿಂದು ಬಂದಿದ್ದೆವು. ಆಮೇಲೆಯೇ ಸಿಸ್ಟರ್ ಗೋಲಿನ ಮುಂದೆ ಮೂವರು ಡಿಫೆಂಡರುಗಳನ್ನು ನಿಲ್ಲಿಸುವ ಆಟ ತಂದದ್ದು.

ನರ್ಸುಗಳ ಪಾಳಿ ಬರೆದ ಹಳೆಯ ರೋಟಾ ಹಾಳೆಯ ಹಿಂಬದಿಯಲ್ಲಿ ಗೆರೆ ಎಳೆದು ತೋರಿಸಿದರು. "ವಾರ್ಡಿನ್ಯಾಗ ನಾವು ಮೂರು ಮಂದಿ ಇರ್ತೀವಿ. ಬೆಲ್ ಹೊಡೀತು ಅಂದ್ರ ಒಬ್ಬಾಕಿ ಓಡ್ತಾಳ. ಉಳದ ಇಬ್ಬರು ಹತ್ರ ಸರದು ಆಕಿ ಮಂಚಾನೂ ನೋಡ್ಕೋತಾರ. ಮೂವರೂ ಓಡಿದ್ರ ವಾರ್ಡ್ ಖಾಲಿ. ಯಾರೂ ಓಡಲಿಲ್ಲಂದ್ರ ಪೇಷಂಟೇ ಖಾಲಿ!" ಮೈದಾನದ ಎರಡು ಅಂಚಿಗೆ ಇನ್ನಿಬ್ಬರು. ಚೆಂಡು ನಮ್ಮದಾದರೆ ಅವರು ದಾಳಿಗೆ ಏರಬೇಕು, ಚೆಂಡು ಕೈತಪ್ಪಿದರೆ ಓಡಿಬಂದು ನಮ್ಮ ಸಾಲಿಗೆ ಸೇರಿ ಐವರಾಗಬೇಕು.

ಕೇಳುವುದಕ್ಕೇನೋ ಸುಲಭ. ಆದರೆ ಮೂವರ ನಡುವೆ ನಿಂತವರು ದಾವಣಗೆರೆಯ ಕಾಲೇಜಿನಲ್ಲಿ ನನಗೇ ಪಾಠ ಹೇಳಿದ್ದ ಮೈಸೂರಿನ ಮೇಷ್ಟ್ರು, ಪಿಎಚ್‌ಡಿಗೆಂದು ಬಂದವರು. ಬಲಕ್ಕೆ ಮಂಗಳೂರಿನ ಡಾಕ್ಟರು. ಎಡಕ್ಕೆ ನಾನು, ಎಲ್ಲರಿಗಿಂತ ಚಿಕ್ಕವನು. ಮೊದಲ ಅಭ್ಯಾಸದಲ್ಲಿ ಎದುರಿನವನು ಚೆಂಡು ತಂದಾಗ, ಹಿರಿಯರು ಹೋಗಲೆಂದು ನಾನು ಕಾದೆ. ಡಾಕ್ಟರು ಹೋಗಲೆಂದು ಮೇಷ್ಟ್ರು ಕಾದರು. "ನೀವು ಹೋಗಿ ಮಾರಾಯ್ರೆ" ಎಂದು ಡಾಕ್ಟರು ಕೈ ಚಾಚಿದರು. ಮದುವೆಮನೆಯ ಊಟದ ಕೋಣೆಯ ಬಾಗಿಲಲ್ಲಿ ನಿಂತವರ ಹಾಗೆ ನಾವು ಉಪಚಾರ ಮಾಡಿಕೊಳ್ಳುತ್ತಿದ್ದಾಗಲೇ ಚೆಂಡು ಬಲೆಯೊಳಗಿತ್ತು.

ಸಿಸ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನನ್ನ ಕಡೆ ತಿರುಗಿದರು.

"ಚೆಂಡು ಬಂದದ್ದು ನಿನ್ನ ಕಡೆ. ಮೇಷ್ಟ್ರ ಕಾಲಿಗೆ ಬೇಕಾದ್ರ ಮನ್ಯಾಗ ಬೀಳು. ಇಲ್ಲೆ ಯಾರ ಕಡೆ ಬೆಲ್ ಹೊಡೀತದ ಅವ ಓಡಬೇಕು. ಹಿಂಗ ನಿಂತಿ ಅಂದ್ರ ನಿನ್ನ ಜಾಗಾಕ್ಕ ಬ್ಯಾರೆಯವನ್ನ ಹಾಕ್ತೀನಿ, ತಮ್ಮಾ."

ನಾನು ಹೆದರಿದೆ. ಆ ಭಾನುವಾರವೊಂದನ್ನು ತೆಗೆದರೆ ಕೊವೆಂಟ್ರಿಯ ನನ್ನ ವಾರದಲ್ಲಿ ಲ್ಯಾಬು ಮತ್ತು ರೈಸ್ ಕುಕ್ಕರ್ ಬಿಟ್ಟು ಇನ್ನೇನೂ ಉಳಿಯುತ್ತಿರಲಿಲ್ಲ.

ಸಿಸ್ಟರ್ ಒಂದು ಕಟ್ಟಳೆ ಮಾಡಿದರು. ಚೆಂಡಿಗೆ ಹೋಗುವವನು "ಹೊಂಟೆ!" ಎಂದು ಕೂಗಬೇಕು. ಉಳಿದಿಬ್ಬರು "ಅದೀವಿ!", ಅಂದರೆ ನಾವಿದ್ದೇವೆ, ಎಂದು ಹತ್ತಿರ ಸರಿಯಬೇಕು. ಚಳಿಗಾಲವಿಡೀ ಕೆಸರಿನಲ್ಲಿ ಅದನ್ನೇ ಕೂಗಿದೆವು. ಮೇಷ್ಟ್ರ ಪಕ್ಕದಲ್ಲಿ ನನ್ನ "ಹೊಂಟೆ" ಬಹಳ ದಿನ ಕ್ಲಾಸಿನಲ್ಲಿ ಹಾಜರಿ ಹೇಳುವವನ ದನಿಯಲ್ಲೇ ಬರುತ್ತಿತ್ತು.

ಬೇಸಿಗೆಯ ಪಂದ್ಯಾವಳಿಯಲ್ಲಿ ನಾವು ಫೈನಲ್ ತಲುಪಿದೆವು, ನಮಗೇ ನಂಬಿಕೆಯಾಗಲಿಲ್ಲ. ಎದುರಿಗೆ ಐದು ಗೋಲು ಹೊಡೆದಿದ್ದ ಅದೇ ತಂಡ. ಗೋಲಿಲ್ಲದೆ ಕೊನೆಯ ನಿಮಿಷಗಳು ಬಂದವು. ಅವರ ಫಾರ್ವರ್ಡ್ ಚೆಂಡು ತೆಗೆದುಕೊಂಡು ನೇರ ನನ್ನ ಕಡೆಗೇ ನುಗ್ಗಿದ. ಅಭ್ಯಾಸಬಲ, ನನ್ನ ಕಣ್ಣು ಒಮ್ಮೆ ಮೇಷ್ಟ್ರ ಕಡೆ ಹೊರಳಿತು. ಅಂಚಿನಲ್ಲಿ ಸಿಸ್ಟರ್ ಗಡಿಯಾರವನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು.

"ಹೊಂಟೆ!" ಎಂದು ಗಂಟಲು ಹರಿಯುವಂತೆ ಕೂಗಿ ನುಗ್ಗಿದೆ. ಹಿಂದಿನಿಂದ ಮೇಷ್ಟ್ರ ದನಿ ಬಂತು: "ಅದೀವಿ!" ನನಗೆ ಪಾಠ ಹೇಳಿದವರು ನನ್ನ ಬೆನ್ನಿಗಿದ್ದರು. ಚೆಂಡು ಕಿತ್ತು ಎಡ ಅಂಚಿನವನಿಗೆ ಕೊಟ್ಟೆ. ಅವನು ಓಡಿದ, ಅಡ್ಡಕ್ಕೆ ಎತ್ತಿ ಹಾಕಿದ, ನಮ್ಮವನೊಬ್ಬ ತಲೆ ಕೊಟ್ಟ. ಗೋಲು! ಸ್ವಲ್ಪ ಹೊತ್ತಿಗೆ ಸೀಟಿಯೂ ಆಯಿತು.

ಸಿಸ್ಟರ್ ಕುಣಿಯುತ್ತ ಮೈದಾನದೊಳಗೇ ಬಂದುಬಿಟ್ಟರು. "ಮೇಷ್ಟ್ರನ್ನ ಹಿಂದ ಬಿಟ್ಟು ಹೋದ್ಯಲ್ಲೋ, ಭಲೇ ಮಗನ!"

"ಪಾಠ ಹೇಳಿಕೊಡೋದೇ ಅದಕ್ಕಲ್ವಾ ಸಿಸ್ಟರ್?" ಎಂದು ನಕ್ಕ ಮೇಷ್ಟ್ರು, ಬಹುಮಾನದ ಕಪ್ಪು ಬಂದಾಗ ಅದನ್ನು ನನ್ನ ಕೈಗೇ ಕೊಟ್ಟರು. ಆ ದಿನದಷ್ಟು ಎತ್ತರಕ್ಕೆ ನಾನು ಮತ್ತೆಂದೂ ಬೆಳೆದಿಲ್ಲ.

ಮೂರು ವರ್ಷದ ಮೇಲೆ ಸಿಸ್ಟರ್ ತೀರಿಕೊಂಡರು. ಅಂತ್ಯಕ್ರಿಯೆಯ ದಿನ ನಾನು ಮೊದಲ ಬಸ್ಸಿಗೇ ಬಂದೆ. ಚರ್ಚಿನಲ್ಲಿ ಪಾದ್ರಿಗಳು, ಪೆಟ್ಟಿಗೆಗೆ ಹೆಗಲು ಕೊಡುವವರು ಮುಂದೆ ಬರಬೇಕೆಂದರು. ನಮ್ಮ ತಂಡವೆಲ್ಲ ಅಲ್ಲೇ ಇತ್ತು. ಒಬ್ಬರ ಮುಖ ಒಬ್ಬರು ನೋಡಿದೆವು. ನೀವು ಮೊದಲು, ನೀವು ಮೊದಲು ಎಂಬ ಅದೇ ಹಳೆಯ ಉಪಚಾರ.

"ಹೊಂಟೆ" ಎಂದು ನಾನು ಹೆಜ್ಜೆ ಮುಂದಿಟ್ಟೆ.

ಹಿಂದಿನಿಂದ ಮೇಷ್ಟ್ರು, ಡಾಕ್ಟರು ಇಬ್ಬರೂ ಒಟ್ಟಿಗೇ ಹೇಳಿದರು: "ಅದೀವಿ."