ಪರದೆಗೆ ಹೇಳಿಕೊಟ್ಟ ಮಾತು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಭಾನುವಾರ ಮಧ್ಯಾಹ್ನ ಸಿನಿಮಾ ಹಾಲನ್ನು ನಗಿಸಿದವನು ನಾನೇ, ಅದೂ ನಗಿಸಬಾರದ ಹೊತ್ತಿನಲ್ಲಿ. ಯಾರ ದನಿ ಕಿವಿಗೆ ಬಿದ್ದರೂ ಮರುಗಳಿಗೆ ಅದನ್ನೇ ಆಡಿ ತೋರಿಸುವ ಚಟ ನನಗೆ.

ಬೆಂಗಳೂರಿನ ರಂಗಮಂದಿರದಲ್ಲಿ ನಡೆಯುತ್ತಿದ್ದ ನಾಟಕವನ್ನು ಅದೇ ಹೊತ್ತಿಗೆ ಮೈಸೂರಿನ ಆ ಹಾಲಿನ ಪರದೆಯ ಮೇಲೆ ತೋರಿಸುತ್ತಿದ್ದರು. ನಮ್ಮ ಹವ್ಯಾಸಿ ತಂಡದ ಮೇಷ್ಟ್ರನ್ನು ಯಾದವಗಿರಿಯಿಂದ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿದ್ದೆ. ವರ್ಷಗಟ್ಟಲೆ ರಂಗದ ಮಗ್ಗುಲಲ್ಲಿ ಮರೆಯಾಗಿ ನಿಂತು, ಮಾತು ಮರೆತ ನಟರಿಗೆ ಮೊದಲ ಪದವನ್ನು ಪಿಸುಗುಟ್ಟಿ ದಾಟಿಸಿದವರು ಅವರು. "ಮೂರು ಉಸಿರು ಕಾಯ್ಬೇಕು ಕಣೋ. ಅದಕ್ಕೂ ಮುಂಚೆ ಕೊಟ್ರೆ ನಟನಿಗೆ ಅವಮಾನ" ಅನ್ನುತ್ತಿದ್ದರು. ಆ ಪಿಸುದನಿಯನ್ನು ಅಣಕಿಸಿಯೇ ನಾನು ತಂಡದಲ್ಲಿ ದೊಡ್ಡ ಕಲಾವಿದನಾದದ್ದು, ನಟನೆಯಿಂದಂತೂ ಅಲ್ಲ.

ಅಂದಿನ ನಾಟಕದಲ್ಲಿ ಮುದಿ ತಂದೆಯ ಪಾತ್ರ ಮೇಷ್ಟ್ರ ಹಳೆಯ ಗೆಳೆಯರೊಬ್ಬರದು. ಇಬ್ಬರೂ ಸೇರಿ ಆ ನಾಟಕವನ್ನು ಮೈಸೂರಿನಲ್ಲಿ ಎಷ್ಟೋ ಸಲ ಆಡಿಸಿದ್ದರು. ಈಚೆಗೆ ಗೆಳೆಯರಿಗೆ ಮರೆವು ಶುರುವಾಗಿತ್ತು. ಇದೊಂದು ಪ್ರದರ್ಶನ ಮರ್ಯಾದೆಯಿಂದ ಮುಗಿದರೆ ಸಾಕು, ಮತ್ತೆ ಬಣ್ಣ ಹಚ್ಚಲ್ಲ ಅಂದಿದ್ದರಂತೆ. "ಅಲ್ಲಿ ಹೇಳಿಕೊಡೋಕೆ ಯಾರೂ ಇಲ್ವಂತೆ" ಎಂದು ಮೇಷ್ಟ್ರು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು.

ಎರಡನೆಯ ಅಂಕದಲ್ಲಿ ಮುದಿ ತಂದೆ ಮಗಳ ಎದುರು ನಿಂತರು. ನಿಂತೇ ಇದ್ದರು. ಕ್ಯಾಮೆರಾ ಹತ್ತಿರ ಹೋಯಿತು. ಗೋಡೆಯಷ್ಟಗಲ ಮುಖ, ತೆರೆದ ಬಾಯಿ, ಮಾತಿಲ್ಲ. ನನ್ನ ಪಕ್ಕದಲ್ಲಿ ಒಂದು ಉಸಿರು, ಎರಡು, ಮೂರು. ಮೇಷ್ಟ್ರು ಮುಂದಕ್ಕೆ ಬಾಗಿ ಪರದೆಗೆ ಪಿಸುಗುಟ್ಟಿದರು: "ಬಾಗಿಲು..."

ನಾನು ಅದೇ ದನಿಯಲ್ಲಿ, ಹತ್ತು ಸಾಲಿಗೆ ಕೇಳುವಂತೆ, "ಬಾಗಿಲೂ... ಬೆಂಗಳೂರಿಗೆ ಕೇಳಿಸ್ತೇನಪ್ಪಾ?" ಅಂದುಬಿಟ್ಟೆ. ಹಾಲ್ ಗೊಳ್ಳೆಂದಿತು. ಮೇಷ್ಟ್ರು ನನ್ನ ಕಡೆ ತಿರುಗಲೂ ಇಲ್ಲ. ಅವರ ತುಟಿ ಮಾತ್ರ ಇನ್ನೂ ಆ ಪದವನ್ನೇ ಆಡುತ್ತಿತ್ತು.

ಪರದೆಯ ಮೇಲೆ ಮಗಳ ಪಾತ್ರದ ಯುವತಿ ತಾನಾಗಿಯೇ ಹೋಗಿ ಬಾಗಿಲು ತೆರೆದಳು. ಆ ಸದ್ದಿಗೆ ಮುದಿ ತಂದೆಗೆ ಮಾತು ಮರಳಿತು. ನಾಟಕ ದಡ ಸೇರಿತು. ಕೊನೆಯಲ್ಲಿ ಗೆಳೆಯರು ಕೈಮುಗಿದಾಗ ಮೇಷ್ಟ್ರು ಎದ್ದು ನಿಂತು, ತಾವೂ ಪರದೆಗೆ ಕೈಮುಗಿದರು. ಈ ಸಲ ಯಾರೂ ನಗಲಿಲ್ಲ.

ಹೊರಗೆ ಅವರು ಸ್ಕೂಟರ್ ಹತ್ತಲಿಲ್ಲ. "ನೀನು ಹೋಗಪ್ಪ, ಆಟೋ ಸಿಗ್ತದೆ" ಅಂದರು.

"ತಪ್ಪಾಯ್ತು ಸಾರ್, ಬುಟ್ಬುಡಿ. ಆದ್ರೂ ನಾವು ನಕ್ಕಿದ್ದು ಅವರಿಗೇನೂ ಕೇಳಿಸ್ಲಿಲ್ವಲ್ಲ?"

"ನಾನು ಹೇಳಿಕೊಟ್ಟಿದ್ದೂ ಅವನಿಗೆ ಕೇಳಿಸ್ಲಿಲ್ಲ ಕಣೋ. ನಂಗೆ ಎರಡೂ ಕೇಳಿಸ್ತು."