ರಿಲೀವರ್ ಬರುವ ತನಕ

ಅಪ್ಪ ನನಗೆ ಮೊದಲ ಸಲ ಹೊಡೆದಾಗ ನನಗೆ ನಲವತ್ತೊಂದು ವರ್ಷ.

ಸಣ್ಣವಳಿದ್ದಾಗ ಅವನು ನನ್ನ ಮೇಲೆ ಕೈ ಎತ್ತಿದವನೇ ಅಲ್ಲ. ಬೈಯಬೇಕಾದರೂ ಅವ್ವನನ್ನು ಮುಂದೆ ಬಿಟ್ಟು ತಾನು ಬೀಡಿ ಹಚ್ಚಿಕೊಂಡು ಹೊರಗೆ ನಿಲ್ಲುತ್ತಿದ್ದ. ಆ ಮಧ್ಯಾಹ್ನ ನಾನು ಹೊಲಿಗೆ ಮಶೀನಿನ ಮುಂದೆ ಕೂತು ಲೈಫ್ ಜಾಕೆಟ್ಟಿನ ಪಟ್ಟಿ ಹೊಲಿಯುತ್ತಿದ್ದೆ. ಕಾಳಿ ನದಿಯಲ್ಲಿ ಪ್ರವಾಸಿಗಳನ್ನು ರಾಫ್ಟಿಗೆ ಹತ್ತಿಸುವವರು ಹರಿದ ಜಾಕೆಟ್ಟುಗಳನ್ನು ಚೀಲದಲ್ಲಿ ತುಂಬಿ ತಂದು ಹಾಕುತ್ತಾರೆ, ನಾನು ಹೊಲಿದು ಕೊಡುತ್ತೇನೆ. ದಂಡೇಲಿಯಿಂದ ಕೋಗಿಲಬನಕ್ಕೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ಮುಂದಿನ ಖೋಲಿಯೇ ನನ್ನ ಅಂಗಡಿ. ಅಪ್ಪ ಬಂದು ಮಶೀನಿನ ಪಕ್ಕ ನಿಂತ.

"ಇನ್ನೂ ಬಂದಿಲ್ಲ" ಅಂದ.

ಯಾರು ಎಂದು ಕೇಳಿದೆ. ಅವನ ಕಣ್ಣು ಮಶೀನಿನ ಮೇಲೇ ಇತ್ತು. ಊಟದ ಹೊತ್ತು ಮೀರುತ್ತಿತ್ತು. "ನಡಿಯಪಾ, ಉಣ್ಣೂಣು" ಎಂದು ಎದ್ದು ಅವನ ರಟ್ಟೆ ಹಿಡಿದು ಎಳೆದೆ.

ಕಪಾಳಕ್ಕೆ ಬಿತ್ತು.

ಕಣ್ಣು ಕತ್ತಲೆ ಬಂತು. ತುಟಿ ಒಡೆದು ಬಾಯಲ್ಲಿ ರಕ್ತ. ಅಪ್ಪ ತನ್ನ ಕೈಯನ್ನು ಒಂದು ಸಲ ನೋಡಿಕೊಂಡು, ಏನೂ ಆಗದವನಂತೆ ಮಶೀನಿನ ಕಡೆ ತಿರುಗಿ ನಿಂತ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ನಾನು ಸಿಟ್ಟಿನ ಹೆಂಗಸು, ಮುಚ್ಚಿಡುವುದೇನು. ಆ ಹೊತ್ತು ಅವನಿಗೆ ಊಟ ಹಾಕಲಿಲ್ಲ.

ಧಾರವಾಡದಲ್ಲಿ ಎಂ.ಆರ್.ಐ. ಮಾಡಿಸಿದೆವು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಡಿಮೆನ್ಶಿಯಾ ಅಂದರು.

"ಹೊಡೀತಾರೇನು?"

"ಒಮ್ಮೆ ಹೊಡದಾನ್ರಿ."

"ಇನ್ನೂ ಹೊಡೀಬಹುದು. ಎದುರು ವಾದ ಮಾಡಬ್ಯಾಡ್ರಿ. ಯಾರರೆ ಒಬ್ಬರು ಸದಾ ಜೋಡಿ ಇರ್ರಿ."

ಬರುವಾಗ ಹಳಿಯಾಳದಲ್ಲಿ ಚಹಾಕ್ಕೆ ಇಳಿದೆವು. ಅಪ್ಪ ಬಸ್ಸಿನ ಇಂಜಿನ್ನಿನ ಪಕ್ಕ ನಿಂತುಬಿಟ್ಟ, ಕದಲಲಿಲ್ಲ. ಕಂಡಕ್ಟರ್ ತಳ್ಳಿ ಹತ್ತಿಸಿದ. ಅವನ ಎದೆಗೂ ಗುದ್ದು ಬಿತ್ತು.

ಅಪ್ಪ ನಮ್ಮ ಮನೆಯಲ್ಲಿ ಯಾಕೆ ಇದ್ದಾನೆ ಎಂಬುದನ್ನು ಹೇಳಬೇಕು. ಅವನು ಬೆಳಗಾವಿ ಕಡೆಯ ಹಳ್ಳಿಯಿಂದ ಇಲ್ಲಿನ ಕಾಗದದ ಮಿಲ್ಲಿನ ಕೆಲಸಕ್ಕೆಂದು ಬಂದವನು. ಬಿದಿರು, ಕಟ್ಟಿಗೆ ಕತ್ತರಿಸುವ ಚಿಪ್ಪರ್ ಹೌಸಿನಲ್ಲಿ ಪಾಳಿಯ ಮೇಲೆ ದುಡಿದು ಪರ್ಮನೆಂಟ್ ಆಗಿಯೇ ರಿಟೈರ್ ಆದ. ನನ್ನ ಗಂಡ ಈರಣ್ಣ ಮಿಲ್ಲಿಗೆ ಸೇರುವ ಹೊತ್ತಿಗೆ ಅಂಥ ಕೆಲಸ ಸಿಗುವ ಕಾಲ ಮುಗಿದಿತ್ತು. ಅವರದು ಠೇಕೇದಾರನ ಕೈಕೆಳಗಿನ ಕೆಲಸ. ಠೇಕೇದಾರ ಬದಲಾದ, ಕೆಲಸವೂ ಹೋಯಿತು. ಎರಡು ವರ್ಷ ಅವರು ಗೋಡೆ ನೋಡುತ್ತ ಕೂತರು. ಅವ್ವ ತೀರಿಕೊಂಡಿದ್ದಳು. ಆಗ ಅಪ್ಪ ತನ್ನ ಟ್ರಂಕು ಹೊತ್ತು ನಮ್ಮ ಮನೆಗೆ ಬಂದ. ಅಳಿಯನ ಮನೆಯಲ್ಲಿ ಬಿದ್ದಿದ್ದಾನೆ ಎಂದು ಅವನ ಊರಿನವರು ಆಡಿಕೊಂಡರು. ನಿಜ ಹೇಳಬೇಕೆಂದರೆ ನಾವೇ ಅವನ ಮೇಲೆ ಬಿದ್ದಿದ್ದೆವು. ನಾನು ಹೊಲಿಗೆ ಕಲಿಯಲು ದಿನಾ ಹಳಿಯಾಳಕ್ಕೆ ಹೋದೆ, ಈರಣ್ಣ ಡ್ರೈವಿಂಗ್ ಕಲಿತು ಪ್ರವಾಸಿಗಳ ಜೀಪು ಹಿಡಿದರು. ಮನೆಯಲ್ಲಿ ಅನ್ನಕ್ಕಿಟ್ಟವನು, ನನ್ನ ಮಗಳು ಸೌಮ್ಯಾಳಿಗೆ ಹೆರಳು ಹಾಕಿ ಸಾಲೆಗೆ ಕಳಿಸಿದವನು ಅಪ್ಪ. ಅವನು ಹಾಕಿದ ಹೆರಳು ಎಷ್ಟು ಬಿಗಿ ಎಂದರೆ ಹುಡುಗಿಯ ಹುಬ್ಬು ಮೇಲಕ್ಕೇರುತ್ತಿದ್ದವು. "ಅಜ್ಜಾ, ನೋಯ್ತದ!" ಎಂದರೆ "ಕೂದ್ಲಾ ಬಿಚ್ಚಿದ್ರ ಮಶೀನಿಗೆ ಹೊಕ್ಕಾವ" ಅನ್ನುತ್ತಿದ್ದ.

ಅದೇ ಮನುಷ್ಯ ಮುಂದಿನ ಆರು ತಿಂಗಳಲ್ಲಿ ನಮ್ಮನ್ನು ಸಾಲಾಗಿ ಹೊಡೆದ.

ಸ್ಟೀಲ್ ತಾಟು ನನ್ನ ಹಣೆಗೆ ಬಂತು. ಮೂರು ಸ್ಟಿಚ್. ಈರಣ್ಣನ ಮುಂಗೈಯನ್ನು ಕಚ್ಚಿದ, ಚರ್ಮ ಕಿತ್ತು ಬಂತು. ಬಟ್ಟೆ ಅಳೆಯುವ ನನ್ನ ಕಬ್ಬಿಣದ ಗಜ ಕಸಿದು ಬೀಸಿದ ದಿನ ನನ್ನ ಒಂದು ಹಲ್ಲು ಹೋಯಿತು. ಡಾಕ್ಟರು ಡೋಸ್ ಏರಿಸಿದರು. ಜೋಲಿ ಹೊಡೆಯುತ್ತಲೇ ಬಂದು ಮಶೀನಿನ ಪಕ್ಕ ನಿಲ್ಲುತ್ತಿದ್ದ. ನನ್ನದು ಹಳೇ ಮೋಟರು, ಪೆಡಲ್ ಒತ್ತದಿದ್ದರೂ ಗುಂಯ್ಗುಡುತ್ತಲೇ ಇರುತ್ತದೆ. ಅದರ ಮುಂದೆ ತಾಸುಗಟ್ಟಲೆ ನಿಂತು ಪಾದ ಬಾತು ಗೋಧಿಹಿಟ್ಟಿನ ಉಂಡೆಯಂತಾಗಿದ್ದವು. ಬಾಯಲ್ಲಿ ಅದೇ ಮಾತು, ಇನ್ನೂ ಬಂದಿಲ್ಲ.

ಸತ್ತ ಅವ್ವನನ್ನು ಕಾಯುತ್ತಿದ್ದಾನೆ ಎಂದು ನಾನು ತಿಳಿದೆ. ವಾದ ಮಾಡಬೇಡಿ ಎಂದ ಡಾಕ್ಟರ ಮಾತು ನನ್ನ ನಾಲಿಗೆಗೆ ನಾಟಲಿಲ್ಲ. "ಯಾರೂ ಬರಂಗಿಲ್ಲಪಾ, ಸುಮ್ನ ನಡಿ" ಎಂದು ಪ್ರತಿ ಸಲವೂ ಹೇಳಿ ಎಳೆಯುತ್ತಿದ್ದೆ. ಪ್ರತಿ ಸಲವೂ ಹೊಡೆತ ಬೀಳುತ್ತಿತ್ತು.

ಒಂದು ಶುಕ್ರವಾರ ಸೌಮ್ಯಾ ಕಾಲೇಜಿನಿಂದ ಬಂದಳು. ಪಿಯುಸಿ ಎರಡನೇ ವರ್ಷ, ನನ್ನಷ್ಟೇ ಮೊಂಡಿ. ಅಜ್ಜನ ಪಾದ ನೋಡಿ, ಅವನನ್ನು ಹಿಂದಿನಿಂದ ತಬ್ಬಿ ಮಂಚದ ಕಡೆ ಎಳೆದಳು. ಅಪ್ಪ ಅವಳ ಬಲಗೈ ಹಿಡಿದು ತಿರುವಿದ.

ಮೂಳೆ ಮುರಿದ ಸಪ್ಪಳ ನನಗೆ ಕೇಳಿಸಿತು.

ಈರಣ್ಣ ಮಗಳನ್ನು ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಮನೆಯಲ್ಲಿ ನಾನು ಮತ್ತು ಅಪ್ಪ ಉಳಿದೆವು. ಅವನು ಮತ್ತೆ ಹೋಗಿ ಮಶೀನಿನ ಪಕ್ಕ ನಿಂತಿದ್ದ. ನಾನು ಗಜ ತೆಗೆದುಕೊಂಡೆ. ಬೆನ್ನಿಗೆ ಒಂದು, ತೊಡೆಗೆ ಒಂದು, ಮುಖ ಮುಚ್ಚಿಕೊಂಡ ಕೈಗಳ ಮೇಲೆ ಒಂದು. ನಾಲ್ಕನೆಯದು ಎಲ್ಲಿ ಬಿತ್ತೋ ಗೊತ್ತಿಲ್ಲ. "ಯವ್ವಾ" ಎಂದು ಅವನು ತನ್ನ ತಾಯಿಯನ್ನು ಕರೆದ. ಆಮೇಲೆ ಜಾಕೆಟ್ಟಿನ ಪಟ್ಟಿಗಳನ್ನು ತಂದು ಅವನ ಕೈಕಾಲನ್ನು ಮಂಚಕ್ಕೆ ಬಿಗಿದೆ. ನೀರಿನಲ್ಲಿ ಜೀವ ಉಳಿಸಲೆಂದು ನಾನೇ ಹೊಲಿದ ಪಟ್ಟಿಗಳು. ಬಕಲ್ಲುಗಳು ಟಕ್ ಟಕ್ ಎಂದು ಕೂತವು.

ಇದನ್ನು ಬರೆಯದೆ ಬಿಡಬಹುದಿತ್ತು. ಬಿಟ್ಟರೆ ಈ ಬರಹದಲ್ಲಿ ಹೊಡೆದವನು ಅವನೊಬ್ಬನೇ ಆಗಿ ಉಳಿಯುತ್ತಾನೆ.

ಸೌಮ್ಯಾ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಳು. ಮಂಚ ನೋಡಿದಳು, ಅಜ್ಜನ ಕೈಮೇಲಿನ ಬಾಸುಂಡೆ ನೋಡಿದಳು.

"ಅವ್ವಾ, ನೀ ಅಜ್ಜಗ ಹೊಡದಿ?"

ಎಡಗೈಯಿಂದ ಬಕಲ್ ಬಿಚ್ಚಲು ಹೆಣಗುತ್ತ ಅವಳು ಅತ್ತಳು. ಈರಣ್ಣ ಬಾಗಿಲಲ್ಲೇ ಕೂತರು.

"ಸೋಮವಾರ ಹುಬ್ಬಳ್ಳಿಗೆ ಕರ್ಕೊಂಡ ಹೋಗೂಣು" ಅಂದರು. "ಇಂಥಾವರ್ನ ಇಟ್ಕೊಳ್ಳೋ ಜಾಗಾ ಐತಂತ. ಮಾವಾರು ನನಗ ಏನ ಮಾಡ್ಯಾರ ನನಗ ಗೊತ್ತೈತಿ. ಆದ್ರ ಇಲ್ಲೇ ಇದ್ರ ಅವರರೆ ಸಾಯ್ತಾರ, ಇಲ್ಲಂದ್ರ ನೀ ಸಾಯ್ತಿ."

ನಾನು ಹೂಂ ಅಂದೆ. ನನ್ನ ಕೈಗೇ ನಾನು ಹೆದರಿದ್ದೆ.

ಸುದ್ದಿ ಕೇಳಿ ರವಿವಾರ ಮಧ್ಯಾಹ್ನ ಹುಸೇನ್‌ಸಾಬ್ ಕಾಕಾ ಬಂದರು. ಚಿಪ್ಪರ್ ಹೌಸಿನಲ್ಲಿ ಅಪ್ಪನ ಜೊತೆ ದುಡಿದವರು, ಎಡಗೈಯಲ್ಲಿ ಎರಡು ಬೆರಳಿಲ್ಲ. ನಾನು ತುರ್ತಿನ ಕೆಲಸ ಮುಗಿಸುತ್ತಿದ್ದೆ. ಊಟಕ್ಕೆಂದು ಕಟ್ಟು ಬಿಚ್ಚಿದ್ದೆ, ಅಪ್ಪ ನೆಟ್ಟಗೆ ಬಂದು ಮಶೀನಿನ ಪಕ್ಕ ನಿಂತಿದ್ದ. "ಇನ್ನೂ ಬಂದಿಲ್ಲ" ಅಂದ.

"ಯಾರೂ ಬರಂಗಿಲ್ಲಪಾ! ಎಷ್ಟ ಸಲ ಹೇಳ್ಲಿ ನಿನಗ!"

ಅಪ್ಪನ ಮುಷ್ಟಿ ಬಿಗಿಯಿತು. ನಾನೂ ಗಜದ ಕಡೆ ಕೈ ಚಾಚಿದೆ, ಸುಳ್ಳು ಹೇಳುವುದಿಲ್ಲ. ಕಾಕಾ ಚಪ್ಪಲಿ ಬಿಟ್ಟು ಒಳಗೆ ಬಂದವರೇ ನನಗೆ ಸುಮ್ಮನಿರಲು ಸನ್ನೆ ಮಾಡಿದರು. ಅಪ್ಪನ ಹಿಂದೆ ನಿಂತು ಅವನ ಬಲಭುಜವನ್ನು ಅಂಗೈಯಿಂದ ಎರಡು ಸಲ ತಟ್ಟಿದರು.

ಅಪ್ಪ ತಿರುಗಿ ನೋಡಿದ. ತಲೆ ಆಡಿಸಿದ. ಎರಡೂ ಕೈಗಳನ್ನು ಧೋತರಕ್ಕೆ ಒರೆಸಿಕೊಂಡು ಹೋಗಿ ಮಂಚದ ಮೇಲೆ ಮಲಗಿದ. ಚಹಾ ಕುದಿಯುವಷ್ಟರಲ್ಲಿ ಗೊರಕೆ ಕೇಳಿಸಿತು.

"ಏನ ಮಾಡಿದ್ರಿ ಕಾಕಾ?"

"ಏನಿಲ್ಲವಾ, ಡ್ಯೂಟಿ ತಗೊಂಡೆ" ಅಂದರು. "ಚಿಪ್ಪರ್ ಹೌಸಿನ ಗದ್ದಲದಾಗ ಯಾರ ಮಾತೂ ಯಾರಿಗೂ ಕೇಳ್ತಿರಲಿಲ್ಲ. ಮುಂದಿನ ಪಾಳಿಯಾಂವ, ನಮ್ಮ ರಿಲೀವರ್, ಬಂದು ಭುಜಕ್ಕ ಎರಡು ಸಲ ಬಡಿಯೂ ತನಕ ಮಶೀನ್ ಬಿಟ್ಟು ಸರಿಯಂಗಿರಲಿಲ್ಲ. ಪಾಳಿ ಮುಗದ ಭೋಂಗಾ ಕೂಗ್ಲಿ, ಹಸಿವಿ ಆಗ್ಲಿ. ಒಮ್ಮೆ ಒಬ್ಬಾಂವ ಕಾಯ್ದ ಸಾಕಾಗಿ ಓಡೂ ಮಶೀನ್ ಹಂಗ ಬಿಟ್ಟು ಹ್ವಾದ, ನನ್ನ ಕೈ ಸಿಕ್ಕೊಂತು. ನೋಡ, ಆವತ್ತ ಹೋದ ಬೆರಳು ಇವು. ಬೆಲ್ಟ್ ನಿಲ್ಲಿಸಿ ನನ್ನ ಹೊರಗ ಜಗ್ಗಿದಾಂವ ನಿಮ್ಮಪ್ಪ. ನೀ ಅವಗ ಏನಂತಿದ್ದಿ?"

"ಯಾರೂ ಬರಂಗಿಲ್ಲ, ನಡಿ ಅಂತ ಜಗ್ಗತಿದ್ದೆ."

ಕಾಕಾ ಹಣೆ ಚಚ್ಚಿಕೊಂಡರು. "ಹಂಗಂದ್ರ ಇನ್ನೊಂದು ಪಾಳಿ ನಿಂದ್ರು ಅಂದಂಗ ಆತಲ್ಲ ತಂಗಿ! ಅದರ ಮ್ಯಾಲ ಓಡೂ ಮಶೀನಿಂದ ಹಿಡದ ಜಗ್ಗತಿದ್ದಿ."

ನಾನು ಮಿಲ್ ಕಾರ್ಮಿಕನ ಮಗಳು. ಭೋಂಗಾ ಕೂಗಿ ಎಷ್ಟೋ ಹೊತ್ತಾದರೂ ಅಪ್ಪ ಬಾರದಿದ್ದರೆ "ರಿಲೀವರ್ ಬಂದಿರಲಿಕ್ಕಿಲ್ಲ, ಡಬಲ್ ಡ್ಯೂಟಿ ಬಿತ್ತು" ಎಂದು ಅವ್ವ ಅನ್ನ ಮುಚ್ಚಿಡುತ್ತಿದ್ದಳು. ಅದು ಕೇಳುತ್ತಲೇ ಬೆಳೆದ ನನಗೆ ಆರು ತಿಂಗಳು ಅದು ಹೊಳೆಯಲಿಲ್ಲ. ಹಲ್ಲು ಹೋದದ್ದಕ್ಕಿಂತ ಇದು ಹೆಚ್ಚು ನೋಯಿಸಿತು. ಮಲಗಿದ್ದ ಅಪ್ಪನ ಕೈಮೇಲಿನ ಬಾಸುಂಡೆಗೆ ಎಣ್ಣೆ ಹಚ್ಚುತ್ತ ಕೂತೆ.

ಸೋಮವಾರ ಜೀಪು ಹುಬ್ಬಳ್ಳಿಗೆ ಹೋಗಲಿಲ್ಲ. ಹದಿನೈದು ದಿನ ನೋಡೋಣ ಎಂದು ಈರಣ್ಣ ಒಪ್ಪಿದರು. ಗಜವನ್ನು ತಾವೇ ಒಯ್ದು ಎಸೆದು ಬಂದರು. ನನಗೀಗ ಟೇಪೇ ಗತಿ. ಸೌಮ್ಯಾ ಎಡಗೈಯಿಂದ ಅಜ್ಜನ ಭುಜ ತಟ್ಟಲು ಕಲಿತಳು. ಮೊದಲ ದಿನ ಅಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿ, ಬಿಚ್ಚಿದ ಕೂದಲನ್ನು ತೋರಿಸಿದ. ಅವಳು ಕೂದಲು ಗಂಟು ಹಾಕಿಕೊಂಡ ಮೇಲೆಯೇ ಡ್ಯೂಟಿ ಬಿಟ್ಟುಕೊಟ್ಟ.

ಎಲ್ಲ ಸರಿಹೋಯಿತು ಎನ್ನಲಾರೆ. ಹೋದ ವಾರವೇ ಅಪ್ಪ ಬೀಸಿದ ತಂಬಿಗೆ ತಗಲಿ ಈರಣ್ಣನ ಮಂಡಿ ಬಾತಿದೆ. ಕೆಲವು ದಿನ ಭುಜ ತಟ್ಟಿದರೂ ಅಪ್ಪನಿಗೆ ತಿಳಿಯುವುದಿಲ್ಲ. "ಉಪಾಯ ಚಲೋ ಐತಿ. ಆದ್ರ ರೋಗ ನಿಲ್ಲಂಗಿಲ್ಲ" ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಹದಿನೈದು ದಿನ ಮುಗಿದು ಎರಡು ತಿಂಗಳಾಯಿತು. ಹುಬ್ಬಳ್ಳಿಯ ಮಾತನ್ನು ಈಗ ಯಾರೂ ಎತ್ತುವುದಿಲ್ಲ, ಮುಂದೆ ಎತ್ತಬೇಕಾಗಬಹುದು.

ಮೊನ್ನೆ ಸೀಸನ್ನಿನ ಕೆಲಸ ಬಂದು ಬಿದ್ದಿತ್ತು. ಬೆಳಿಗ್ಗೆಯಿಂದ ಕೂತು ನನ್ನ ಸೊಂಟ ಸೆಟೆದಿತ್ತು. ಈರಣ್ಣ ಅಂಗಳದಲ್ಲಿ ಜೀಪು ತೊಳೆಯುತ್ತಿದ್ದರು. ಹಿಂದಿನಿಂದ ಅಪ್ಪನ ಕೈ ನನ್ನ ಮೇಲೆ ಬಂತು. ನಾನು ಕಣ್ಣು ಮುಚ್ಚಿ, ಎರಡೂ ಕೈಯಿಂದ ತಲೆ ಹಿಡಿದು ಬಗ್ಗಿದೆ. ಮೈಗೆ ಅಷ್ಟು ರೂಢಿಯಾಗಿಬಿಟ್ಟಿದೆ.

ಭುಜದ ಮೇಲೆ ಎರಡು ತಟ್ಟು.

ತಿರುಗಿ ನೋಡಿದೆ. ಅಂಗಿಯ ತೋಳು ಮಡಚಿಕೊಂಡು ಅಪ್ಪ ನಿಂತಿದ್ದ.

"ನಾ ಬಂದೇನಿ" ಅಂದ. "ನೀ ಮನೀಗೆ ಹೋಗವಾ."

ನಾನು ಸೆರಗಿಗೆ ಕೈ ಒರೆಸಿಕೊಂಡು ಎದ್ದೆ. ಮಶೀನು ಬಂದ್ ಮಾಡಲಿಲ್ಲ. ಒಳಗೆ ಹೋಗಿ ಅವನ ಮಂಚದ ಮೇಲೆ, ಪಟ್ಟಿ ಬಿಗಿದು ಬಣ್ಣ ಸವೆದ ಅದೇ ಮಂಚದ ಮೇಲೆ, ಮಲಗಿ ಬಿಕ್ಕಿ ಬಿಕ್ಕಿ ಅತ್ತೆ. ಸೌಮ್ಯಾ ಕಾಲೇಜಿನಿಂದ ಬಂದು ಅಜ್ಜನ ಭುಜ ತಟ್ಟುವ ತನಕ ನನಗೆ ಗಾಢ ನಿದ್ದೆ.